ಮಲೆನಾಡಿನ ಮಳೆಗೆ ಯಾವ ಗೋಡೆ? ಹೊಸ ಪದ್ಧತಿಯಲ್ಲಿ ಮನೆ ಕಟ್ಟಿದವರು ದಯವಿಟ್ಟು ಹೇಳಿ

ಗೋಣಿಬೀಡಿನ ಮಗಳು
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನ ಹತ್ತಿರ, ನಮ್ಮ ಕಾಫಿ ತೋಟದ ಅಂಚಿನಲ್ಲಿ ಹನ್ನೆರಡು ಚದರದ ಮನೆ ಕಟ್ಟಬೇಕೆಂದಿದ್ದೇವೆ. ಅಜ್ಜ ಕಟ್ಟಿಸಿದ ಮಣ್ಣುಗೋಡೆಯ ಹಂಚಿನ ಮನೆ ಎರಡು ಮಳೆಗಾಲದಿಂದ ಒಂದು ಮೂಲೆಯಲ್ಲಿ ಕುಸಿಯುತ್ತಾ ಬಂದಿದೆ. ಇನ್ನೊಂದು ಜೂನ್ ತಿಂಗಳನ್ನು ಅದು ತಡೆಯುವುದಿಲ್ಲ.

ಮನೆಯಲ್ಲಿ ಮೂರು ಜನ, ಮೂರು ಮಾತು. ಅಪ್ಪನಿಗೆ ಸುಟ್ಟ ಇಟ್ಟಿಗೆಯೇ ಆಗಬೇಕು. ಎಂಜಿನಿಯರ್ ಎಎಸಿ ಎಂಬ ಹಗುರ ಸಿಮೆಂಟ್ ಬ್ಲಾಕ್ ಹಾಕಿ, ಬೇಗ ಮುಗಿಯುತ್ತದೆ ಎನ್ನುತ್ತಾರೆ. ಅಣ್ಣ ಬೆಂಗಳೂರಿನ ಹಲಸೂರಿನಲ್ಲಿ ಯಂತ್ರವೇ ಪದರ ಪದರವಾಗಿ ಕಾಂಕ್ರೀಟ್ ಸುರಿದು ‘ಮುದ್ರಿಸಿದ’ (3ಡಿ ಪ್ರಿಂಟ್) ಅಂಚೆ ಕಚೇರಿಯನ್ನು ನೋಡಿ ಬಂದಿದ್ದಾನೆ. 45 ದಿನದಲ್ಲಿ ಕಟ್ಟಡವೇ ಎದ್ದಿತು, ನಾವಿನ್ನೂ ಇಟ್ಟಿಗೆ ಎಣಿಸುತ್ತಾ ಕುಳಿತಿದ್ದೇವೆ ಎಂದು ಅವನ ಬೇಸರ. ನನ್ನ ಪ್ರಶ್ನೆ ಒಂದೇ. ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ಈ ಸೀಮೆಯಲ್ಲಿ ಹೊಸ ಪದ್ಧತಿಗಳಲ್ಲಿ ಯಾವುದು ನಿಲ್ಲುತ್ತದೆ? ಕಟ್ಟಿ, ವಾಸ ಮಾಡಿದವರ ಮಾತು ಬೇಕು.

ಚಿಕ್ಕಮಗಳೂರು ಗಾಳಿ
ಅಪ್ಪ ಹೇಳಿದ್ದೇ ಸರಿ. ಸುಟ್ಟ ಇಟ್ಟಿಗೆ. ಚರ್ಚೆ ಮುಗಿಯಿತು.

ಸಕಲೇಶಪುರದ ಕಟ್ಟಡಿಗ
ಅಷ್ಟು ಬೇಗ ಮುಗಿಯುವುದಿಲ್ಲ ಗಾಳಿಯವರೇ. ಈಗ ಬರುತ್ತಿರುವ ಇಟ್ಟಿಗೆಯನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ತೂಕ ಮಾಡಿ ನೋಡಿ. ತೂಕ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರಿದರೆ ಆ ಇಟ್ಟಿಗೆ ನಮ್ಮ ಮಳೆಗೆ ಬೇಡ. ಸೌದೆ ದುಬಾರಿಯಾದ ಮೇಲೆ ಎಷ್ಟೋ ಗೂಡುಗಳಲ್ಲಿ ಅರೆಬೆಂದ ಇಟ್ಟಿಗೆಯೇ ಹೊರಬರುತ್ತಿದೆ.

ತಂಗಿಯ ಅಣ್ಣನಿಗೆ ಒಂದು ತಿದ್ದುಪಡಿ. ಕೇಂಬ್ರಿಡ್ಜ್ ಲೇಔಟ್‌ನ ಆ ಅಂಚೆ ಕಚೇರಿಗೆ ಹಿಡಿದದ್ದು 43 ದಿನ. ವಿಸ್ತೀರ್ಣ 1,021 ಚದರ ಅಡಿ. ಕಟ್ಟಿದ್ದು ಎಲ್ ಅಂಡ್ ಟಿ, ತಾಂತ್ರಿಕ ಮಾರ್ಗದರ್ಶನ ಐಐಟಿ ಮದ್ರಾಸಿನದು, ಉದ್ಘಾಟನೆಯಾದದ್ದು 2023ರ ಆಗಸ್ಟ್ 18ರಂದು. ವೆಚ್ಚ 23 ಲಕ್ಷ ರೂಪಾಯಿ, ಅಂದರೆ ಚದರ ಅಡಿಗೆ ಸುಮಾರು 2,250. ನಿಜಕ್ಕೂ ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಯಂತ್ರ ನಿಲ್ಲಲು ಸಮತಟ್ಟಾದ ಗಟ್ಟಿ ನೆಲ ಬೇಕು, ತಡೆಯಿಲ್ಲದ ವಿದ್ಯುತ್ ಬೇಕು, ಹದ ತಪ್ಪದ ಕಾಂಕ್ರೀಟ್ ಬೇಕು. ಒಂದೇ ಒಂದು ಮನೆಗಾಗಿ ಅದನ್ನು ಗೋಣಿಬೀಡಿನ ತೋಟದ ದಾರಿಯಲ್ಲಿ ತರಿಸುವ ಖರ್ಚಿನಲ್ಲಿ ಅರ್ಧ ಮನೆ ಎದ್ದು ನಿಲ್ಲುತ್ತದೆ.

ಹೇಮಾವತಿ ದಂಡೆ
ಎಎಸಿ ಬ್ಲಾಕ್ ಹಾಕಿಸಿ ನಾಲ್ಕು ವರ್ಷ ನೊಂದವನು ನಾನು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ನಮ್ಮದು ಹಾಸನದ ಹೊರವಲಯದ ಮನೆ. ಗೋಡೆ ಎದ್ದದ್ದು ಎರಡೇ ವಾರದಲ್ಲಿ. ಸಂತೋಷಕ್ಕೆ ಪಾರವಿರಲಿಲ್ಲ. ಮೊದಲ ಬೇಸಿಗೆ ಬರುತ್ತಿದ್ದಂತೆ ಕಂಬ ಮತ್ತು ಗೋಡೆ ಸೇರುವ ಕಡೆಯೆಲ್ಲ ನೆಟ್ಟಗೆ ಬಿರುಕು. ಬಣ್ಣ ಬಳಿದರೂ ಮತ್ತೆ ಅದೇ ಜಾಗದಲ್ಲಿ ಬಿರುಕು. ಮಳೆಗಾಲದಲ್ಲಿ ಆ ಗೆರೆಗುಂಟ ನೀರು ಒಳಗೆ ಜಿನುಗಿ ದೇವರ ಮನೆಯ ಗೋಡೆಗೆ ಬೂಷ್ಟು ಹಿಡಿಯಿತು. ನನ್ನ ತಾಯಿ ಆ ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಫೋಟೊಗಳೆಲ್ಲ ಹಾಳಾದವು. ಕಟ್ಟಿಸಿದ ಗುತ್ತಿಗೆದಾರರನ್ನು ಕೇಳಿದರೆ ಬ್ಲಾಕಿನದೇ ದೋಷ ಎಂದರು. ಬ್ಲಾಕ್ ಕೊಟ್ಟವರನ್ನು ಕೇಳಿದರೆ ಕಟ್ಟಿದವರ ದೋಷ ಎಂದರು.

ಸಕಲೇಶಪುರದ ಕಟ್ಟಡಿಗ
ದಂಡೆಯವರೇ, ನಿಮ್ಮ ಗೋಡೆ ಕಟ್ಟುವಾಗ ಬ್ಲಾಕುಗಳನ್ನು ಇಟ್ಟಿಗೆಯಂತೆ ತೊಟ್ಟಿಯಲ್ಲಿ ನೆನೆಸಿದ್ದರೇ? ಕಂಬ ಮತ್ತು ಗೋಡೆಯ ನಡುವೆ ಜಾಲರಿ ಹೊಡೆದಿದ್ದರೇ?

ಹೇಮಾವತಿ ದಂಡೆ
ನೆನೆಸಿದ್ದರು. ಜಾಲರಿ ಹಾಕಿರಲಿಲ್ಲ. ಮಾಮೂಲಿ ಸಿಮೆಂಟ್ ಗಾರೆಯಲ್ಲೇ ಅರ್ಧ ಇಂಚಿಗೂ ಹೆಚ್ಚು ದಪ್ಪವಾಗಿ ಕಟ್ಟಿದ್ದರು.

ಸಕಲೇಶಪುರದ ಕಟ್ಟಡಿಗ
ಕಾರಣ ಅಲ್ಲಿಯೇ ಇದೆ. ಎಎಸಿ ಅಂದರೆ ಹಾರುಬೂದಿ, ಸುಣ್ಣ, ಸಿಮೆಂಟಿನ ಹಿಟ್ಟಿಗೆ ಚಿಟಿಕೆ ಅಲ್ಯುಮಿನಿಯಂ ಪುಡಿ ಬೆರೆಸಿ, ಅನಿಲದ ಗುಳ್ಳೆಗಳಿಂದ ಇಡ್ಲಿಯಂತೆ ಉಬ್ಬಿಸಿ, ಒತ್ತಡದ ಹಬೆಯಲ್ಲಿ ಬೇಯಿಸಿದ ಬ್ಲಾಕ್. ಮೈತುಂಬ ರಂಧ್ರ. ನೆನೆಸಿದರೆ ನೀರು ಕುಡಿದು ಕೂರುತ್ತದೆ, ಆಮೇಲೆ ಒಣಗುತ್ತಾ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ನಿಮ್ಮ ಬಿರುಕು. ಮೇಲ್ಮೈಗೆ ತುಸು ನೀರು ಚಿಮುಕಿಸಿ, ಮೂರು ಮಿಲಿಮೀಟರ್ ದಪ್ಪದ ಅಂಟುಗಾರೆಯಲ್ಲಿ ಕಟ್ಟಬೇಕು. ಕಂಬ ಸೇರುವಲ್ಲಿ ಜಾಲರಿ ಹಾಕಲೇಬೇಕು. ಬ್ಲಾಕುಗಳ ರಾಶಿಗೆ ಟಾರ್ಪಾಲು ಹೊದಿಸದೆ ಮಳೆಗೆ ಬಿಟ್ಟರೆ ಅಲ್ಲಿಗೇ ಕೆಲಸ ಕೆಟ್ಟಿತು.

ಚಿಕ್ಕಮಗಳೂರು ಗಾಳಿ
ಜರ್ಮನಿಯ ಚಳಿಗೆ ಕಂಡುಹಿಡಿದ ಬ್ಲಾಕನ್ನು ನಮ್ಮ ಮಳೆಗೆ ತಂದರೆ ಇನ್ನೇನಾಗುತ್ತದೆ?

ಸಿವಿಲ್ ವಿದ್ಯಾರ್ಥಿನಿ, ಹಾಸನ
ಜರ್ಮನಿಯಲ್ಲ ಸರ್, ಸ್ವೀಡನ್. 1920ರ ದಶಕದಲ್ಲಿ ಆಕ್ಸೆಲ್ ಎರಿಕ್ಸನ್ ಎಂಬವರು ರೂಪಿಸಿದ್ದು. ಬ್ಲಾಕಿನ ಒಳ್ಳೆಯ ಗುಣವನ್ನೂ ಹೇಳಬೇಕು. ಎರಡು ಅಡಿ ಉದ್ದ, ಎಂಟು ಇಂಚು ಎತ್ತರ, ಎಂಟು ಇಂಚು ದಪ್ಪದ ಎಎಸಿ ಬ್ಲಾಕ್ ಒಣಗಿದಾಗ 14-15 ಕಿಲೊ ತೂಗುತ್ತದೆ. ಅಷ್ಟೇ ಗಾತ್ರದ ಸುಟ್ಟ ಇಟ್ಟಿಗೆಯ ಗೋಡೆ 40 ಕಿಲೊ ಮೀರುತ್ತದೆ. ಹತ್ತು ಅಂತಸ್ತು ಎತ್ತುವವರಿಗೆ ಕಂಬಿಯಲ್ಲೂ ತಳಪಾಯದಲ್ಲೂ ದೊಡ್ಡ ಉಳಿತಾಯ.

ಸಕಲೇಶಪುರದ ಕಟ್ಟಡಿಗ
ಸರಿಯಾಗಿ ಹೇಳಿದಿರಿ. ಆದರೆ ಗೋಣಿಬೀಡಿನ ತಂಗಿ ಕಟ್ಟುವುದು ಒಂದೇ ಅಂತಸ್ತು. ಒಂದು ಅಂತಸ್ತಿನ ಮನೆಗೆ ಕಂಬವೇ ಏಕೆ ಬೇಕು ಎಂದು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಗೋಡೆಯೇ ಭಾರ ಹೊರುವಂತೆ ಕಟ್ಟಿ, ಪ್ಲಿಂತ್ (ತಳಪಾಯದ ಮೇಲಿನ) ಮಟ್ಟದಲ್ಲಿ ಒಂದು ಕಾಂಕ್ರೀಟ್ ಪಟ್ಟಿ, ಲಿಂಟಲ್ (ಬಾಗಿಲು ಕಿಟಕಿಯ ಮೇಲಿನ) ಮಟ್ಟದಲ್ಲಿ ಸುತ್ತಲೂ ಇನ್ನೊಂದು ಪಟ್ಟಿ ಕೊಟ್ಟರೆ ಸಾಕು. ನಮ್ಮ ಊರುಗಳಲ್ಲಿ ಈಗ ಹಟ್ಟಿಗೂ ಎಂಟು ಕಂಬ ಎಬ್ಬಿಸುತ್ತಿದ್ದಾರೆ!

ಕಡೂರಿನವನು
ಎಲ್ಲರೂ ಕೊಂಡು ತರುವ ಸಾಮಾನಿನ ಮಾತೇ ಆಡುತ್ತಿದ್ದೀರಿ. ತೋಟದ ಮಣ್ಣಿನ ಮಾತನ್ನು ಯಾರೂ ಎತ್ತಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಗೆ ಮುಟ್ಟಿಸುವುದೇ ಅದರ ಉದ್ದೇಶ. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ವರ್ಷಗಟ್ಟಲೆ ದುಡಿದು ಸ್ಥಿರೀಕೃತ ಮಣ್ಣಿನ ಇಟ್ಟಿಗೆಯನ್ನು ರೂಪಿಸಿದರು. ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಸೇರಿಸಿ, ‘ಮರ್ದಿನಿ’ ಎಂಬ ಕೈಯಂತ್ರದಲ್ಲಿ ಒತ್ತಿ ತೆಗೆಯುವುದು. ಗೂಡು ಬೇಡ, ಸೌದೆ ಬೇಡ.

ನನ್ನ ಮನೆ ಇದರಲ್ಲೇ ಎದ್ದಿದೆ. ಹನ್ನೊಂದು ವರ್ಷವಾಯಿತು. ಹೊರಗೆ ಗಾರೆಯನ್ನೇ ಮಾಡಿಸಿಲ್ಲ. ನಾನು ಸಿಮೆಂಟ್ ಹಾಕಿದ್ದು ನೂರಕ್ಕೆ ಏಳರ ಲೆಕ್ಕದಲ್ಲಿ. ಒಂದು ಅಡಿ ಉದ್ದ, ಆರು ಇಂಚಿಗೆ ತುಸು ಕಡಿಮೆ ಅಗಲ, ನಾಲ್ಕು ಇಂಚು ಎತ್ತರದ ಒಂದು ಬ್ಲಾಕ್ ಸುಮಾರು ಎಂಟು ಕಿಲೊ. ಒಂದು ಮೂಟೆ ಸಿಮೆಂಟಿಗೆ ಹತ್ತಿರ ಹತ್ತಿರ ತೊಂಬತ್ತು ಬ್ಲಾಕ್ ಬಂದವು. ಐದಾರು ಜನ ಸೇರಿದ ದಿನ ನಾನೂರು ತೆಗೆದದ್ದೂ ಉಂಟು. ಬ್ಲಾಕ್ ತೆಗೆದ ಮೇಲೆ ಮೂರು ವಾರ ಹುಲ್ಲು ಹೊದಿಸಿ ನೀರು ಹನಿಸಿದೆವು. ನನ್ನ ಹೆಂಡತಿ ಬೆಳಿಗ್ಗೆ ಹಾಲು ಕರೆಯುವ ಮುಂಚೆ ಎದ್ದು ನೀರು ಹಾಕುತ್ತಿದ್ದಳು. ಆ ನೀರೇ ಆ ಗೋಡೆಯ ಪ್ರಾಣ.

ಚಿಕ್ಕಮಗಳೂರು ಗಾಳಿ
ಕಡೂರಿಗೂ ಮೂಡಿಗೆರೆಗೂ ಆಕಾಶ ಭೂಮಿಯ ಅಂತರ ಸ್ವಾಮಿ. ನಿಮ್ಮಲ್ಲಿ ಮೋಡ ಕಂಡರೆ ಹಬ್ಬ. ಇಲ್ಲಿ ಬಿಸಿಲು ಕಂಡರೆ ಹಬ್ಬ. ಗಾರೆಯಿಲ್ಲದ ಮಣ್ಣಿನ ಗೋಡೆ ಮೂಡಿಗೆರೆಯ ಎರಚಲಿಗೆ ಎಷ್ಟು ವರ್ಷ ತಡೆಯುತ್ತದೆ? ಅಜ್ಜನ ಮಣ್ಣುಗೋಡೆ ಕುಸಿಯುತ್ತಿದೆ ಎಂದು ಬಂದವರಿಗೆ ಮತ್ತೆ ಮಣ್ಣನ್ನೇ ಹೇಳುತ್ತೀರಲ್ಲ!

ಗೋಣಿಬೀಡಿನ ಮಗಳು
ನನ್ನ ಭಯವೂ ಇದೇ.

ಸಕಲೇಶಪುರದ ಕಟ್ಟಡಿಗ
ಅಜ್ಜನ ಗೋಡೆ ಎಷ್ಟು ವರ್ಷ ನಿಂತಿತ್ತು ತಂಗಿ? ಕುಸಿದ ಮೂಲೆಯ ಮೇಲಿನ ಹಂಚು ಒಡೆದಿತ್ತೇ?

ಗೋಣಿಬೀಡಿನ ಮಗಳು
ಎಪ್ಪತ್ತು ವರ್ಷಕ್ಕೂ ಹೆಚ್ಚು. ಹೌದು, ಹಲಸಿನ ಕೊಂಬೆ ಬಿದ್ದು ಆ ಮೂಲೆಯ ಹಂಚುಗಳು ಒಡೆದಿದ್ದವು. ಅಪ್ಪ ಪ್ಲಾಸ್ಟಿಕ್ ಹೊದಿಸಿ ಬಿಟ್ಟಿದ್ದರು.

ಸಕಲೇಶಪುರದ ಕಟ್ಟಡಿಗ
ಹಾಗಿದ್ದರೆ ಗೋಡೆ ತಪ್ಪು ಮಾಡಿಲ್ಲ. ಸೂರು ಕೈಬಿಟ್ಟಿತು, ಗೋಡೆ ಕುಸಿಯಿತು. ಗದ್ದೆಗೆ ಇಳಿಯುವವರು ಗೊರಬು ಹೊದ್ದಂತೆ ಮಲೆನಾಡಿನ ಮನೆ ಸೂರು ಹೊದ್ದಿರಬೇಕು. ಸೂರು ಗೋಡೆಯಿಂದ ಎರಡೂವರೆ ಮೂರು ಅಡಿ ಹೊರಗೆ ಚಾಚಲಿ. ಕೆಳಗೆ ನೆಲದಿಂದ ಎರಡು ಅಡಿ ಸೈಜುಗಲ್ಲಿನ ಕಟ್ಟಡ ಇರಲಿ. ಎರಚಲು ಹೊಡೆಯುವ ಪಶ್ಚಿಮದ ಗೋಡೆಗೆ ಮಾತ್ರ ಹೊರಗಿನಿಂದ ಗಾರೆ ಮಾಡಿಸಿ, ಅಥವಾ ಆ ಬದಿಗೆ ಜಗಲಿ ಕೊಡಿ. ಕಡೂರಿನ ಅಣ್ಣನವರು ಹೇಳಿದ ಬ್ಲಾಕ್ ಅಜ್ಜನ ಹಸಿ ಮಣ್ಣಿನಂತೆ ನೀರಿಗೆ ಕರಗುವುದಿಲ್ಲ. ಆದರೆ ಪರೀಕ್ಷೆಯನ್ನು ಒದ್ದೆ ಬ್ಲಾಕಿನ ಮೇಲೆಯೇ ಮಾಡಿಸಬೇಕು. ಒಣಗಿದ ಬ್ಲಾಕಿನ ಬಲವನ್ನು ತೋರಿಸಿ ಮಾರುವವರನ್ನು ನಂಬಬೇಡಿ.

ಬೇಲೂರು ಶಿಲೆ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ಸಿದ್ಧಭಾಗಗಳನ್ನು ತಂದು ಜೋಡಿಸುವ ಪದ್ಧತಿಯನ್ನು ಹೊಸದು ಎನ್ನುವಾಗ ನನಗೆ ನಮ್ಮೂರ ಗುಡಿ ನೆನಪಾಗುತ್ತದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಕಲ್ಲಿಗೆ ಕಲ್ಲು ಕೂರುವುದು ಗಾರೆಯ ಬಲದಿಂದಲ್ಲ, ಕೆತ್ತಿದ ಹಲ್ಲು ಕುಳಿಗಳ ಹಿಡಿತದಿಂದ. ಬಳಪದ ಕಲ್ಲು ಗಣಿಯಿಂದ ಹೊರಬಂದಾಗ ಮೃದು, ಗಾಳಿಗೆ ಬಿಟ್ಟಂತೆ ಗಟ್ಟಿ. ಕಲ್ಲಿನ ಗುಣ ಅರಿತು ಅದಕ್ಕೆ ತಕ್ಕ ಕೆಲಸ ಹಚ್ಚಿದರು. ಶಿಲ್ಪಿಗಳಲ್ಲಿ ಹಲವರು ತಮ್ಮ ಹೆಸರನ್ನೂ ಕೆತ್ತಿ ಹೋದರು. ಇಂದು ನಮ್ಮ ಮನೆ ಕಟ್ಟಿದ ಮೇಸ್ತ್ರಿಯ ಹೆಸರು ಗೃಹಪ್ರವೇಶದ ಕರೆಯೋಲೆಯಲ್ಲೂ ಇರುವುದಿಲ್ಲ.

ಹಾಸನದ ಮೇಸ್ತ್ರಿ
ಕೊನೆಯ ಸಾಲು ಓದಿ ಬರೆಯಲೇಬೇಕೆನಿಸಿತು. ನಾನು ಇಪ್ಪತ್ತೇಳು ವರ್ಷದಿಂದ ಗಾರೆ ಕೆಲಸದಲ್ಲಿದ್ದೇನೆ. ದಂಡೆಯವರ ಮನೆಯಂತಹ ಗೋಡೆಗಳನ್ನು ನಾನೂ ಕಟ್ಟಿದ್ದೇನೆ, ನೆನೆಸಿಯೇ ಕಟ್ಟಿದ್ದೇನೆ. ಏಕೆಂದರೆ ನನಗೆ ಕಲಿಸಿದ ಗುರು ಇಟ್ಟಿಗೆ ನೆನೆಸದೆ ಮುಟ್ಟಬೇಡ ಎಂದಿದ್ದರು. ಹೊಸ ಬ್ಲಾಕ್ ಲಾರಿಯಲ್ಲಿ ಬಂದಿಳಿಯಿತು, ಅದರ ಜೊತೆಗೆ ಹೇಳಿಕೊಡುವವರು ಯಾರೂ ಇಳಿಯಲಿಲ್ಲ. ಮಾಲೀಕರು ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ತೋರಿಸಿ ಹೀಗೆ ಮಾಡಿ ಎಂದರು. ಅದು ಹಿಂದಿಯಲ್ಲಿತ್ತು.

ಸಂಶೋಧನೆ ಮಾಡಿದವರ ಮೇಲೆ ನನಗೆ ಗೌರವವಿದೆ. ಆದರೆ ಹೊಸ ವಿಧಾನ ಹಿಡಿದರೆ ಮೊದಲ ಹತ್ತು ದಿನ ಕೈ ಓಡುವುದಿಲ್ಲ. ಅರ್ಧ ಗೋಡೆ ಏಳುತ್ತದೆ. ಚದರದ ಲೆಕ್ಕದಲ್ಲಿ ಕೂಲಿ ಒಪ್ಪಿಕೊಂಡವನಿಗೆ ಆ ಹತ್ತು ದಿನದ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ನನ್ನ ಜೊತೆ ಆರು ಜನ ಇದ್ದಾರೆ, ಅವರ ಮನೆಯಲ್ಲೂ ಒಲೆ ಉರಿಯಬೇಕು. ಯಾರಾದರೂ ದಿನಗೂಲಿ ಕೊಟ್ಟು ಹದಿನೈದು ದಿನ ಕಲಿಸಲಿ, ಯಾವ ಗೋಡೆ ಬೇಕಾದರೂ ಕಟ್ಟುತ್ತೇವೆ.

ಹೇಮಾವತಿ ದಂಡೆ
ಮೇಸ್ತ್ರಿಯವರೇ, ನಿಮ್ಮ ಮಾತು ಓದಿ ಮನಸ್ಸು ತಿಳಿಯಾಯಿತು. ನಮ್ಮ ಮನೆ ಕಟ್ಟಿದವರ ಮೇಲೆ ನಾಲ್ಕು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಅವರಿಗೂ ಯಾರೂ ಹೇಳಿಕೊಟ್ಟಿರಲಾರರು.

ಹೋಂಸ್ಟೇ ನಡೆಸುವವ
ನಾನು ಗಿರಿಯ ಕಡೆ ಉಕ್ಕಿನ ಚೌಕಟ್ಟಿನ ಎರಡು ಕುಟೀರ ಮಾಡಿಸಿದ್ದೇನೆ. ಹದಿನೆಂಟು ದಿನದಲ್ಲಿ ನಿಂತವು. ಹಗುರ ಉಕ್ಕು, ಎರಡು ಬದಿಗೆ ಸಿಮೆಂಟ್ ಹಲಗೆ, ನಡುವೆ ಉಣ್ಣೆಯಂತಹ ತುಂಬುವಿಕೆ. ಬಾಡಿಗೆಗೆ ಚೆನ್ನಾಗಿದೆ. ಆದರೆ ಜುಲೈನಲ್ಲಿ ತಗಡಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಸ್ಕ್ರೂ ಹೊಡೆದ ಕಡೆಗಳಲ್ಲಿ ತುಕ್ಕು ಶುರುವಾಗಿದೆ. ವರ್ಷಕ್ಕೊಮ್ಮೆ ಬಣ್ಣ ಮಾಡಿಸುತ್ತಿದ್ದೇನೆ. ಹುಟ್ಟಿ ಬೆಳೆಯುವ ಮಕ್ಕಳಿರುವ ಮನೆಗೆ ನಾನು ಹೇಳುವುದಿಲ್ಲ.

ಚಿಕ್ಕಮಗಳೂರು ಗಾಳಿ
ಆ ಕುಟೀರಗಳಿಗೆ ಜೆಸಿಬಿಯಲ್ಲಿ ಗುಡ್ಡ ಕಡಿದದ್ದನ್ನೂ ಬರೆಯಿರಿ. ಎಲ್ಲ ಹೋಂಸ್ಟೇಗಳದೂ ಅದೇ ಕಥೆ. ನೆಟ್ಟಗೆ ಇಪ್ಪತ್ತು ಅಡಿ ಕಡಿದು ಅದರ ಬುಡದಲ್ಲಿ ಮನೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜಾರಿದ್ದನ್ನು ಮರೆತಿರಾ?

ಹೋಂಸ್ಟೇ ನಡೆಸುವವ
ಮರೆತಿಲ್ಲ. ನನ್ನ ಕುಟೀರಗಳು ಇಳಿಜಾರಿನ ಮೇಲೆ ಕಾಲು ಕಂಬಗಳಲ್ಲಿ ನಿಂತಿವೆ, ಗುಡ್ಡ ಕಡಿದಿಲ್ಲ. ಉಕ್ಕಿನ ಚೌಕಟ್ಟನ್ನು ಆರಿಸಿದ್ದೇ ಅದಕ್ಕಾಗಿ. ನೋಡದೆ ಹೇಳಬೇಡಿ.

ಚಿಕ್ಕಮಗಳೂರು ಗಾಳಿ
ಹಾಗಿದ್ದರೆ ಆ ಮಾತು ಹಿಂದಕ್ಕೆ. ತಪ್ಪಾಯಿತು.

ಸಿವಿಲ್ ವಿದ್ಯಾರ್ಥಿನಿ, ಹಾಸನ
ಕಡಿಯಲೇಬೇಕಾದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ತಡೆಗೋಡೆಯಲ್ಲಿ ನೀರು ಹೊರಗೆ ಹೋಗಲು ಕೊಳವೆಗಳಿರಬೇಕು. ಗೋಡೆಯನ್ನು ತಳ್ಳುವುದು ಮಣ್ಣಿಗಿಂತ ಹೆಚ್ಚಾಗಿ ಅದರ ಹಿಂದೆ ನಿಂತ ನೀರು.

ಕಾಫಿ ಲೈನ್
ದೊಡ್ಡ ತೋಟದವರು ಯಾರಾದರೂ ಓದುತ್ತಿದ್ದರೆ ಕೇಳಬೇಕೆನಿಸಿತು. ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಇಂತಹ ಹೊಸ ಪದ್ಧತಿಗಳನ್ನು ಏಕೆ ತರಬಾರದು? ಒಂದೇ ಅಳತೆಯ ಹತ್ತು ಇಪ್ಪತ್ತು ಮನೆ ಸಾಲಾಗಿ ಬೇಕಿರುವುದು ಅಲ್ಲಿಯೇ. ನಾನು ಹುಟ್ಟಿದ್ದು ಲೈನ್ ಮನೆಯಲ್ಲಿ. ಶೀಟಿನ ಕೆಳಗೆ ಬೇಸಿಗೆಯ ಮಧ್ಯಾಹ್ನ ಮಗುವನ್ನು ಮಲಗಿಸಲು ಆಗುತ್ತಿರಲಿಲ್ಲ, ಅಮ್ಮ ನನ್ನನ್ನು ಸಿಲ್ವರ್ ಓಕ್ ನೆರಳಿಗೆ ಒಯ್ಯುತ್ತಿದ್ದಳು.

ಸಕಲೇಶಪುರದ ಕಟ್ಟಡಿಗ
ಈ ಇಡೀ ಚರ್ಚೆಯಲ್ಲಿ ತೂಕದ ಪ್ರಶ್ನೆ ಇದು. ಕೇಂದ್ರ ಸರ್ಕಾರ 2021ರ ಜನವರಿ 1ರಂದು ಆರು ನಗರಗಳಲ್ಲಿ ‘ಲೈಟ್ ಹೌಸ್’ ಎಂಬ ಮಾದರಿ ವಸತಿ ಯೋಜನೆಗಳಿಗೆ ಅಡಿಗಲ್ಲು ಹಾಕಿತು. ಇಂದೋರ್, ರಾಜ್‌ಕೋಟ್, ಚೆನ್ನೈ, ರಾಂಚಿ, ಅಗರ್ತಲಾ, ಲಖನೌ. ಒಂದೊಂದರಲ್ಲಿ ಒಂದೊಂದು ಪದ್ಧತಿ. ಚೆನ್ನೈನಲ್ಲಿ ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಭಾಗಗಳನ್ನು ಜೋಡಿಸಿ 1,152 ಮನೆ. ರಾಂಚಿಯಲ್ಲಿ ಕೋಣೆಯನ್ನೇ ಪೆಟ್ಟಿಗೆಯಂತೆ ಎರಕ ಹೊಯ್ದು ಒಂದರ ಮೇಲೊಂದು ಇಟ್ಟು 1,008 ಮನೆ. ಈ ಪದ್ಧತಿಗಳ ಅಚ್ಚುಗಳಿಗೆ ಹಾಕಿದ ದುಡ್ಡು ಸಾವಿರ ಮನೆಗಳ ಮೇಲೆ ಹಂಚಿಹೋಗುತ್ತದೆ. ಒಂಟಿ ಮನೆಗೆ ಅದು ಹೊರೆ. ತೋಟಗಳು ಒಂದಾಗಿ ಒಂದೇ ನಕ್ಷೆ ಒಪ್ಪಿದರೆ, ಸಣ್ಣ ಎರಕದ ತೊಲೆ, ಹಲಗೆಗಳನ್ನಾದರೂ ಇಲ್ಲಿಯೇ ಮಾಡಿಕೊಳ್ಳಬಹುದು.

ಸಿವಿಲ್ ವಿದ್ಯಾರ್ಥಿನಿ, ಹಾಸನ
ಐಐಟಿ ಮದ್ರಾಸ್ ಜಿಎಫ್‌ಆರ್‌ಜಿ ಫಲಕಗಳ ಮೇಲೂ ಬಹಳ ಕೆಲಸ ಮಾಡಿದೆ. ಗೊಬ್ಬರ ಕಾರ್ಖಾನೆಯಲ್ಲಿ ಉಳಿಯುವ ಜಿಪ್ಸಮ್‌ಗೆ ಗಾಜಿನ ನಾರು ಬೆರೆಸಿದ ಪೊಳ್ಳು ಗೋಡೆ. ಲೈನ್ ಮನೆಗಳಿಗೆ ಅದು ಆಗುವುದಿಲ್ಲವೇ?

ಸಕಲೇಶಪುರದ ಕಟ್ಟಡಿಗ
ಫಲಕ ನೋಡಿದ್ದೇನೆ, ಕೆಲಸ ಅಚ್ಚುಕಟ್ಟು. ಉದ್ದ 12 ಮೀಟರ್, ಎತ್ತರ 3 ಮೀಟರ್. ಬೇಕಾದ ಅಳತೆಗೆ ಕತ್ತರಿಸಿಯೇ ತರಬಹುದು, ಆದರೂ ನಿಲ್ಲಿಸಲು ಕ್ರೇನ್ ಬೇಕು. ತೋಟದ ದಾರಿಯ ತಿರುವಿನಲ್ಲಿ ಕಾಫಿ ಮೂಟೆಯ ಟ್ರ್ಯಾಕ್ಟರ್ ತಿರುಗುವುದೇ ಕಷ್ಟ. ಪ್ರಯೋಗಾಲಯದ ಲೆಕ್ಕಕ್ಕೆ ನಮ್ಮ ದಾರಿಯ ತಿರುವನ್ನೂ ಸೇರಿಸಬೇಕು ಎಂದು ನಾನು ಹೇಳುವುದು ಇದಕ್ಕೇ.

ಸಿವಿಲ್ ವಿದ್ಯಾರ್ಥಿನಿ, ಹಾಸನ
ಒಪ್ಪಿದೆ ಸರ್. ಹಾಗಾದರೆ ಬ್ಲಾಕಿಗೆ ಹಾಕುವ ಸಿಮೆಂಟಿನ ಕಡೆ ನೋಡೋಣ. ಎಲ್‌ಸಿ3 ಎಂಬ ಹೊಸ ಸಿಮೆಂಟಿಗೆ 2023ರಲ್ಲಿ ಭಾರತೀಯ ಮಾನಕವೂ ಬಂದಿದೆ. ಅರ್ಧದಷ್ಟು ಕ್ಲಿಂಕರ್ (ಗೂಡಿನಲ್ಲಿ ಸುಟ್ಟ ಸಿಮೆಂಟಿನ ಮೂಲ ಗಟ್ಟಿ), ಉಳಿದದ್ದರಲ್ಲಿ ಬಹುಪಾಲು ಹದವಾಗಿ ಕಾಯಿಸಿದ ಜೇಡಿಮಣ್ಣು ಮತ್ತು ಸುಣ್ಣಕಲ್ಲು. ಇಂಗಾಲದ ಹೊರಸೂಸುವಿಕೆ ನೂರಕ್ಕೆ ನಲವತ್ತರವರೆಗೂ ತಗ್ಗುತ್ತದೆ. ಸ್ವಿಟ್ಜರ್ಲೆಂಡಿನ ತಜ್ಞರೊಂದಿಗೆ ನಮ್ಮ ಐಐಟಿಗಳೂ ಸೇರಿ ಬೆಳೆಸಿದ್ದು. ಹಾಸನದ ಅಂಗಡಿಯಲ್ಲಿ ಕೇಳಿದೆ, ಹೆಸರೇ ಗೊತ್ತಿಲ್ಲ ಎಂದರು.

ಕಡೂರಿನವನು
ಸಾಲದ ಬಗ್ಗೆ ಎಚ್ಚರಿಕೆ ಕೊಡುವುದು ಮರೆತಿದ್ದೆ. ಒಂದು ಬ್ಯಾಂಕಿನವರು ನನ್ನ ಅರ್ಜಿಯ ಮೇಲೆ ‘ಕಚ್ಚಾ ಮಣ್ಣಿನ ಮನೆ’ ಎಂದು ಬರೆದು ವಾಪಸ್ ಕಳುಹಿಸಿದರು. ಆಮೇಲೆ ಬ್ಲಾಕುಗಳ ಪರೀಕ್ಷಾ ವರದಿ, ಇಂತಹ ಮಣ್ಣಿನ ಬ್ಲಾಕಿಗಿರುವ ಐಎಸ್ 1725 ಮಾನಕದ ಪ್ರತಿ, ಎಂಜಿನಿಯರ್ ಪತ್ರ ಮೂರನ್ನೂ ಲಗತ್ತಿಸಿ ಬೇರೊಂದು ಬ್ಯಾಂಕಿಗೆ ಕೊಟ್ಟೆ, ಮಂಜೂರಾಯಿತು. ಅರ್ಜಿಯಲ್ಲಿ ‘ಮಣ್ಣು’ ಎಂದಷ್ಟೇ ಬರೆಯಬೇಡಿ, ಮಾನಕದ ಸಂಖ್ಯೆಯೊಂದಿಗೆ ಬರೆಯಿರಿ.

ಗೋಣಿಬೀಡಿನ ಮಗಳು
ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಅಪ್ಪ ಕೇಳಿದ್ದು ಮಾಡಿನ ಬಗ್ಗೆ. ಮೋಲ್ಡ್ (ಕಾಂಕ್ರೀಟ್ ಮಾಡು) ಹಾಕಿಸಬೇಕೋ, ಹಂಚು ಹೊದಿಸಬೇಕೋ? ಬ್ರಿಟಿಷರು ತಂದ ಹಂಚನ್ನು ಬಿಟ್ಟು ಮುಂದೆ ಹೋಗಬೇಕಲ್ಲವೇ ಎಂದು ಅಣ್ಣ ವಾದಿಸುತ್ತಿದ್ದಾನೆ.

ಬೇಲೂರು ಶಿಲೆ
ಬ್ರಿಟಿಷರಲ್ಲ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು. 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದರು. ಆಗ ಆ ಹಂಚೂ ಹೊಸ ತಂತ್ರಜ್ಞಾನವೇ ಆಗಿತ್ತು. ಸೋಗೆ, ಹುಲ್ಲಿನ ಮಾಡುಗಳಿದ್ದ ಎಷ್ಟೋ ಮನೆಗಳು ಕ್ರಮೇಣ ಅದಕ್ಕೆ ಬದಲಾದವು. ಯಾರೂ ಬಲವಂತ ಮಾಡಲಿಲ್ಲ, ಮಳೆಗೆ ಸೋರಲಿಲ್ಲ ಎಂಬುದೇ ಸಾಕಾಯಿತು.

ಸಕಲೇಶಪುರದ ಕಟ್ಟಡಿಗ
ಇಳಿಜಾರು ಮೋಲ್ಡ್ ಹಾಕುವುದಾದರೆ ಫಿಲ್ಲರ್ ಸ್ಲ್ಯಾಬ್ ನೋಡಿ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಮನೆಮಾತಾಗಿಸಿದ್ದು. ಮೋಲ್ಡಿನ ಕೆಳಭಾಗದ ಕಾಂಕ್ರೀಟ್ ಭಾರ ಹೊರುವುದರಲ್ಲಿ ಹೆಚ್ಚಿನ ಕೆಲಸ ಮಾಡುವುದಿಲ್ಲ, ಅಲ್ಲಿ ಎಳೆತವನ್ನು ತಾಳುವುದು ಕಂಬಿ. ಕಂಬಿಗಳ ನಡುವಿನ ಆ ಜಾಗಕ್ಕೆ ಜೋಡಿ ಹಂಚುಗಳನ್ನು ಇಟ್ಟರೆ ಕಾಂಕ್ರೀಟ್ ಉಳಿಯುತ್ತದೆ, ಹಂಚುಗಳ ನಡುವಿನ ಗಾಳಿ ಬಿಸಿಲನ್ನೂ ತಡೆಯುತ್ತದೆ. ಅಜ್ಜನ ಮನೆಯ ಹಳೆಯ ಹಂಚುಗಳು ಅಲ್ಲಿಗೆ ಆಗುತ್ತವೆ. ಮೇಲೆ ಮತ್ತೆ ಹಂಚು ಹೊದಿಸಿದರೆ ಮಳೆಗೆ ಚಿಂತೆಯಿಲ್ಲ. ಕಂಬಿ ಕಟ್ಟುವ ದಿನ ಎಂಜಿನಿಯರ್ ಸ್ಥಳದಲ್ಲಿರಬೇಕು, ಇದರಲ್ಲಿ ರಾಜಿ ಬೇಡ.

ಗೋಣಿಬೀಡಿನ ಮಗಳು
ಅಜ್ಜನ ಹಂಚು ಹೊಸ ಮನೆಯಲ್ಲಿ ಉಳಿಯುತ್ತದೆ ಎಂದಾಗ ಅಪ್ಪ ಎದ್ದು ಹೋಗಿ ರಾಶಿ ಎಣಿಸಿ ಬಂದರು. ಒಡೆಯದವು ಆರುನೂರು ಚಿಲ್ಲರೆ ಇವೆ. ಮಣ್ಣು ಆಗುತ್ತದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಕಡೂರಿನವನು
ಮೇಲಿನ ಒಂದೂವರೆ ಅಡಿ ಕಪ್ಪು ಮಣ್ಣನ್ನು ತೆಗೆದುಹಾಕಿ, ಅದು ಗಿಡಕ್ಕೆ ಸೇರಿದ್ದು. ಕೆಳಗಿನ ಕೆಂಪು ಮಣ್ಣನ್ನು ಉದ್ದನೆಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ತುಂಬಿ, ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಅದರ ಮೇಲೆ ಗೋಡು, ಜೇಡಿ ಕೊನೆಗೆ. ಮರಳು ಮೂರರಲ್ಲಿ ಎರಡು ಪಾಲು ಇದ್ದರೆ ಒಳ್ಳೆಯದು. ಕಡಿಮೆಯಿದ್ದರೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಸೇರಿಸಬೇಕು. ನಮ್ಮ ಕಡೆಯ ಎರೆಮಣ್ಣಾಗಿದ್ದರೆ ಸಿಮೆಂಟ್ ಜೊತೆಗೆ ಸುಣ್ಣವೂ ಬೇಕಾಗುತ್ತಿತ್ತು. ನಿಮ್ಮದು ಕೆಂಪು, ಅದೃಷ್ಟ.

ಗೋಣಿಬೀಡಿನ ಮಗಳು
ನಿನ್ನೆ ಇಟ್ಟ ಬಾಟಲಿ ಇವತ್ತು ತಿಳಿಯಾಗಿದೆ. ಅಳತೆಪಟ್ಟಿ ಹಿಡಿದು ನೋಡಿದೆ. ಒಟ್ಟು ಹತ್ತು ಸೆಂಟಿಮೀಟರ್‌ನಲ್ಲಿ ಮರಳು ಐದು. ಉಳಿದದ್ದು ನುಣುಪು ಮಣ್ಣು.

ಸಕಲೇಶಪುರದ ಕಟ್ಟಡಿಗ
ಜೇಡಿ ಜಾಸ್ತಿ. ನಾಲ್ಕು ಬಾಂಡ್ಲಿ ಮಣ್ಣಿಗೆ ಎರಡು ಬಾಂಡ್ಲಿ ಎಂ-ಸ್ಯಾಂಡ್ ಸೇರಿಸಿ ಶುರು ಮಾಡಿ. ಮೊದಲು ಇಪ್ಪತ್ತೇ ಬ್ಲಾಕ್ ಒತ್ತಿ, ನಾಲ್ಕು ವಾರದ ನಂತರ ಒದ್ದೆ ಪರೀಕ್ಷೆ ಮಾಡಿಸಿ. ಅದರ ಫಲ ಬರುವವರೆಗೆ ಇಟ್ಟಿಗೆಗೂ ಬ್ಲಾಕಿಗೂ ಯಾರಿಗೂ ಮುಂಗಡ ಕೊಡಬೇಡಿ.

ಹಾಸನದ ಮೇಸ್ತ್ರಿ
ಆ ಇಪ್ಪತ್ತು ಬ್ಲಾಕ್ ಒತ್ತುವ ದಿನ ನಾನೂ ನನ್ನ ಮಗನೂ ಬರುತ್ತೇವೆ. ಕೂಲಿ ಬೇಡ, ಕಲಿಯಲು ಬರುವುದು. ಕಡೂರಿನ ಅಣ್ಣನವರು ಯಂತ್ರ ಕೊಡಬಲ್ಲರೇ?

ಕಡೂರಿನವನು
ಕೊಟ್ಟಿಗೆಯಲ್ಲೇ ಇದೆ. ಎಣ್ಣೆ ಹಾಕಿ ತರುತ್ತೇನೆ. ತಂಗಿ, ಮಣ್ಣು ಜರಡಿ ಹಿಡಿಯಲು ಐದು ಮಿಲಿಮೀಟರ್ ಕಣ್ಣಿನ ಜಾಲರಿ ಒಂದನ್ನು ತಂದಿಡಿ. ಮಣ್ಣು ಒಣಗಿರಬೇಕು, ಈಗಿಂದಲೇ ಟಾರ್ಪಾಲಿನ ಕೆಳಗೆ ಹರಡಿ.

ಗೋಣಿಬೀಡಿನ ಮಗಳು
ಮುಂದಿನ ಭಾನುವಾರ ಬನ್ನಿ. ಅಪ್ಪ ಎಲ್ಲರಿಗೂ ಕಡುಬು ಮಾಡಿಸುತ್ತೇನೆ ಎಂದಿದ್ದಾರೆ. ಗಾಳಿಯವರೂ ಬರಬೇಕು.

ಚಿಕ್ಕಮಗಳೂರು ಗಾಳಿ
ಬರುತ್ತೇನೆ. ಹೋಲಿಸಿ ನೋಡಲು ನನ್ನ ಮನೆಯ ಎರಡು ಸುಟ್ಟ ಇಟ್ಟಿಗೆಗಳನ್ನೂ ತರುತ್ತೇನೆ, ನೀರಿನಲ್ಲಿ ಮುಳುಗಿಸಿ ತೂಗೋಣ.